ತಿಪ್ಪಕ್ಕನ ಹರಿಗೋಲು

ಹಾರ ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ವನಜಾ ನೂಕುತ್ತಿದ್ದಳು, ಹೊರಗಿನಿಂದ ಡ್ರೈವರ್ ಮುನಿಕೃಷ್ಣ ಎಳೆಯುತ್ತಿದ್ದ. ಯಾರೋ ಪುಢಾರಿಗೆಂದು ಕಟ್ಟಿ, ಆತ ಬಾರದೆ ಉಳಿದಿದ್ದ ಆಳೆತ್ತರದ ಸೇವಂತಿಗೆ ಹಾರ ಅದು. ಶೈಲಜಾ ಇದ್ದಿದ್ದರೆ ಆ ಪುಢಾರಿಯ ಕೆಮ್ಮಿನ ಸಮೇತ ಇಲ್ಲೇ ಒಂದು ಭಾಷಣ ಬಿಗಿದು ತೋರಿಸುತ್ತಿದ್ದಳು. ಎಲ್ಲರಿಗೂ ಹಾಗನ್ನಿಸಿತು.

ಕೊನೆಗೆ ಹಾರ ಇಳಿಯಿತು. ಹಿಂದೆಯೇ ಹೆಂಗಸರೂ ಇಳಿದರು. ದಿನಾ ಇವರನ್ನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗೆ ಒಯ್ಯುವ ಬಸ್ಸು ಈ ಭಾನುವಾರ ದಿಕ್ಕು ಬದಲಿಸಿ ಅತ್ತಿಬೆಲೆಗೆ, ಶೈಲಜಾಳ ಮನೆಗೆ ಬಂದಿತ್ತು. ಶೈಲಜಾ ನಿನ್ನೆ ಸಂಜೆ ಅಡುಗೆಮನೆಯಲ್ಲಿ ಕುಸಿದವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಮಹಾನಂದಾ ಮಾತ್ರ ಕೊನೆಯ ಸೀಟಿನಿಂದ ಏಳಲಿಲ್ಲ. ವನಜಾ ಮತ್ತೆ ಬಸ್ಸು ಹತ್ತಿದಳು.

"ಬಾರೇ. ಸತ್ತೋರ ಮೇಲೆ ಏನು ಕೋಪ?"

"ಕೋಪ ಅಲ್ರಿ ಅಕ್ಕಾ. ಯಾವ ಮಕಾ ಇಟ್ಕೊಂಡು ಹೋಗ್ಲಿ?"

"ಇರೋ ಮುಖಾನೇ ಇಟ್ಕೊಂಡು ಬಾ. ಬೇರೆ ಮುಖ ಮಾರೋ ಅಂಗಡಿ ನಂಗೂ ಗೊತ್ತಿಲ್ಲ."

ಮಹಾನಂದಾ ಎದ್ದಳು.

*

'ಬೂದಿಸೀಮೆಯ ಚರಿತ್ರೆ' ಇಂಗ್ಲಿಷಿನ ಒಂಬತ್ತು ಸಂಪುಟಗಳ ಕತೆ. ರಾಜರು, ಮಾಟಗಾರರು, ಬೆಂಕಿ ಉಗುಳುವ ಹಾವುಗಳು. ಒಂದೊಂದು ಸಂಪುಟವೂ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಡಬಹುದಾದಷ್ಟು ದಪ್ಪ. ಹತ್ತನೆಯದೇ ಕೊನೆಯದು, ಇನ್ನೇನು ಮುಗಿಯಿತು ಎಂದು ಅದನ್ನು ಬರೆಯುವಾತ ವರ್ಷಗಳಿಂದ ಹೇಳುತ್ತಲೇ ಇದ್ದ. ಶೈಲಜಾ ಡಿಪ್ಲೊಮಾ ಓದಿದವಳು. ಸರ್ಕ್ಯೂಟ್ ಬೋರ್ಡುಗಳ ಬೆಸುಗೆಯನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸುವುದು ಅವಳ ಕೆಲಸ. ಬಸ್ಸಿನಲ್ಲಿ ಆ ದಪ್ಪ ಪುಸ್ತಕವನ್ನು ತೊಡೆಯ ಮೇಲೆ ಹರಡಿ ಒಬ್ಬಳೇ ನಗುತ್ತಿದ್ದಳು. ಹೆಬ್ಬಗೋಡಿಯಲ್ಲಿ ಬಸ್ಸು ಬಹಳ ಹೊತ್ತು ನಿಂತುಬಿಟ್ಟ ಒಂದು ಬೆಳಿಗ್ಗೆ ಪಕ್ಕದಲ್ಲಿದ್ದ ಮಹಾನಂದಾ, ಅದರಾಗ ಅಂಥಾದ್ದೇನೈತ್ರಿ, ನಮಗೂ ಒಂದೀಟು ಹೇಳ್ರಿ ಎಂದಳು.

ಅಲ್ಲಿಂದ ಶುರುವಾಯಿತು. ಬೆಳಗಿನ ಬಸ್ಸೆಂದರೆ ಕತೆ. ಕೇಲೊನ್ ಎಂಬ ವೀರ ಚಂದಾಪುರ ದಾಟುವುದರೊಳಗೆ ಕಾಳಣ್ಣನಾದ. ವಾರ್ಡ್ರಿಕ್ ಎಂಬ ಕ್ರೂರ ದೊರೆ ವರದರಾಜನಾಗಿ, ಕಂಪನಿಯ ಎಚ್ಚಾರ್ ಸಾಹೇಬರ ದನಿಯಲ್ಲಿ "ನೋಡಿ, ನಾವೆಲ್ಲ ಒಂದೇ ಫ್ಯಾಮಿಲಿ" ಎಂದು ನಕ್ಕು ತಲೆ ಕಡಿಸುತ್ತಿದ್ದ. ಬೆಂಕಿಹಾವು ಥೇಟ್ ಮುನಿಕೃಷ್ಣನ ಬಸ್ಸು ಎರಡನೇ ಗೇರಿಗೆ ಬೀಳುವಾಗ ನರಳುವಂತೆ ನರಳುತ್ತಿತ್ತು.

ಎಲ್ಲರಿಗೂ ಹೆಚ್ಚು ಬೇಕಾಗಿದ್ದವಳು ತಿಪ್ಪಕ್ಕ. ಪುಸ್ತಕದಲ್ಲಿ ಅವಳು ತೆಸ್ಪಾ, ಬೂದಿಹೊಳೆಯಲ್ಲಿ ಹರಿಗೋಲು ಹಾಕುವ ಮುದುಕಿ. ಗೆದ್ದವರನ್ನೂ ಸೋತವರನ್ನೂ ಒಂದೇ ಬೈಗುಳ ಬೈದು ದಾಟಿಸುವವಳು. ಅವಳಿಗೆ ಶೈಲಜಾ ಹಕಾರವನ್ನೆಲ್ಲ ನುಂಗುವ, ಒಡಕು ಒಡಕಾದ ದನಿ ಕೊಟ್ಟಿದ್ದಳು. "ಅತ್ತು ಜನ ಅತ್ತಿದ್ರೆ ಅರಿಗೋಲು ಮುಳುಗ್ತದೆ ಕಣ್ರೋ. ಅತ್ರೂ ಮುಳುಗ್ತದೆ!" ಬಸ್ಸಿಗೆ ಬಸ್ಸೇ ನಗುತ್ತಿತ್ತು. ಎಲ್ಲಿಂದ ತಂದ್ರಿ ಅಕ್ಕಾ ಈ ದನಿ ಎಂದು ಕೇಳಿದರೆ, ಮನೆಯಲ್ಲಿ ಬಿದ್ದಿತ್ತು, ಎತ್ಕೊಂಡು ಬಂದೆ ಎನ್ನುತ್ತಿದ್ದಳು.

ಕೇಳುವವರೇನೂ ಬರೀ ಭಕ್ತರಲ್ಲ. ಮೂರನೇ ಸಂಪುಟದ ಯುದ್ಧ ತಿಂಗಳಾದರೂ ಮುಗಿಯದಿದ್ದಾಗ, ಈ ಸೈನ್ಯಕ್ಕೂ ಸಿಲ್ಕ್‌ಬೋರ್ಡ್ ಸಿಗ್ನಲ್ಲಿನ ಜಾಮ್ ಸಿಕ್ಕಿದೆಯಾ ಎಂದು ವನಜಾ ರೇಗಿದ್ದಳು. ಐದನೆಯದರಲ್ಲಿ ಸತ್ತವನೊಬ್ಬ ಎದ್ದು ಬಂದಾಗ ಅರ್ಧ ಬಸ್ಸು ಮುನಿಸಿಕೊಂಡಿತ್ತು. ಮರುದಿನ ಮುನಿಸಿಕೊಂಡವರೇ ಮುಂದಿನ ಸೀಟು ಹಿಡಿದಿದ್ದರು. ಪ್ರಶ್ನೆ ಕೇಳುವುದು ಮಾತ್ರ ಮಹಾನಂದಾಳ ಹಕ್ಕು. ಹೊಳಿ ದಾಟಿದ ಕುದುರಿ ಮೈ ಒರಸಿದವರು ಯಾರ್ರಿ ಎಂಬಂಥ ಪ್ರಶ್ನೆಗಳು. ಶೈಲಜಾ ಅದಕ್ಕೂ ಉತ್ತರ ಕೊಡುತ್ತಿದ್ದಳು.

*

ಮನೆಯ ಮುಂದಿನ ಶಾಮಿಯಾನದಡಿ ಗಂಡಸರು ಕುರ್ಚಿಗಳಲ್ಲಿ ಕೂತಿದ್ದರು. ಶೈಲಜಾಳ ಗಂಡ ಶಿವಶಂಕರ್ ಬಂದವರಿಗೆಲ್ಲ ಕೈ ಮುಗಿಯುತ್ತಿದ್ದ, ಬಂದವರು ಯಾರೆಂದು ಅವನಿಗೆ ತಿಳಿಯುತ್ತಿದ್ದಂತಿರಲಿಲ್ಲ. ಹಾರ ಹೊತ್ತ ಹೆಂಗಸರ ಪಕ್ಕಕ್ಕೆ ಕನ್ನಡಕದ ಯುವಕನೊಬ್ಬ ಬಂದು ನಿಂತ. ಹೆಸರು ವಸಂತ್, ಸಾಫ್ಟ್‌ವೇರ್ ಕೆಲಸ, ಬೂದಿಸೀಮೆ ಓದುವವರದ್ದೊಂದು ಗುಂಪಿದೆ, ತಿಂಗಳಿಗೊಮ್ಮೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಾಫಿಗೆ ಸೇರುತ್ತೇವೆ, ಶೈಲಜಾ ಮೇಡಂ ಅಲ್ಲಿಗೆ ಬರುತ್ತಿದ್ದರು ಎಂದ.

"ಸೇರಿ ಏನ್ ಮಾಡ್ತೀರಾ?" ಎಂದಳು ವನಜಾ.

"ಬೈತೀವಿ ಮೇಡಂ. ಎಂಟನೇ ಪುಸ್ತಕ ದರಿದ್ರ ಅಂತ ಒಂದು ವರ್ಷ ಬೈದ್ವಿ. ಒಂಬತ್ತನೇದು ಬಂದ ದಿನ ಎಲ್ಲಾರೂ ಆಫೀಸಿಗೆ ರಜೆ." ಅವನು ನಗಲು ಹೋಗಿ ಬಿಟ್ಟ. "ಶೈಲಜಾ ಮೇಡಂ ಮಾತ್ರ ಬೈತಿರ್ಲಿಲ್ಲ. ಅವರು ಆರನೇದಕ್ಕೇ ನಿಲ್ಸಿಬಿಟ್ರಲ್ಲ."

"ನಿಲ್ಲಿಸಿದ್ರು ಅಂದ್ರ?" ಬಸ್ಸಿಳಿದ ಮೇಲೆ ಮಹಾನಂದಾ ಮೊದಲ ಸಲ ಬಾಯಿಬಿಟ್ಟಳು.

"ಆರನೇದ್ರಲ್ಲಿ ಆ ದೋಣಿ ಅಜ್ಜಿ ಸಾಯ್ತಾಳಲ್ಲ. ಒಂದೇ ಒಂದು ಸಾಲು. ಬಾಣ ಬಿತ್ತು, ಮುಳುಗಿದಳು, ಮುಂದಿನ ಅಧ್ಯಾಯ. ಅವತ್ತಿಂದ ಅವರು ಪುಸ್ತಕ ಮುಟ್ಟಲಿಲ್ಲ. ಸುಮ್ನೆ ನಮ್ಮ ಜಗಳ ನೋಡೋಕೆ ಬರ್ತಿದ್ರು. ಮುಂದೇನಾಯ್ತು ಹೇಳ್ಲಾ ಅಂದ್ರೆ, ಬೇಡ, ನಂದು ನಂಗಿದೆ ಅನ್ನೋರು."

ವನಜಾ ಮಹಾನಂದಾಳನ್ನು ನೋಡಿದಳು. ಮಹಾನಂದಾ ಹಾರದಿಂದ ಉದುರಿದ ಎಸಳುಗಳನ್ನು ನೋಡುತ್ತಿದ್ದಳು.

*

ಕಳೆದ ದಸರಾ ಮುಗಿದ ಮೇಲಿನ ಮಾತು. ಲೈನಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕ್ಯಾಂಟೀನಿನಲ್ಲಿ ಮೊಬೈಲ್ ತೋರಿಸಿದ್ದಳು. ಬೂದಿಸೀಮೆಯ ಇಡೀ ಕತೆಯನ್ನು ಯಾರೋ ಕನ್ನಡದಲ್ಲಿ ಚುಟುಕಾಗಿ ಹೇಳಿದ ವಿಡಿಯೋ. ದೋಣಿಯ ಮುದುಕಿ ಆರನೇ ಸಂಪುಟದಲ್ಲೇ ಸತ್ತಿದ್ದಳು. ಬಸ್ಸಿನಲ್ಲಿ ಅವಳು ಆಮೇಲೂ ಎರಡು ಮಳೆಗಾಲ ಹರಿಗೋಲು ಹಾಕಿದ್ದಳು, ವರದರಾಜನಿಗೆ ಛೀಮಾರಿ ಹಾಕಿದ್ದಳು, ಕಾಳಣ್ಣನ ಹೆಂಡತಿಗೆ ಹೆರಿಗೆ ಮಾಡಿಸಿದ್ದಳು. ಇಷ್ಟು ದಿನ ನಿಮ್ಮ ಕಿವಿಗೆ ಹೂವು ಇಟ್ಟಿದ್ದಾರೆ ಅಕ್ಕ ಎಂದು ಆ ಹುಡುಗಿ ನಕ್ಕಳು. ಪಕ್ಕದ ಟೇಬಲ್ಲೂ ನಕ್ಕಿತು.

ಮರುದಿನ ಬಸ್ಸಿನಲ್ಲಿ ಶೈಲಜಾ ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಮಹಾನಂದಾ ಎದ್ದು ನಿಂತಳು.

"ತಿಪ್ಪಕ್ಕ ಸತ್ತು ಎಷ್ಟ ದಿನಾ ಆತ್ರಿ?"

ಶೈಲಜಾ ತೊಡೆಯ ಮೇಲಿನ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಮಗ ಇಂಗ್ಲಿಷ್ ಓದಾಕ ಬರಂಗಿಲ್ಲ, ಇವಕ್ಕೇನು ಹೇಳಿದ್ರೂ ನಡೀತೈತಿ ಅನ್ಕೊಂಡ್ರಿ, ಹೌದಲ್ರಿ?"

ಯಾರಾದರೂ ನಡುವೆ ಬಾಯಿ ಹಾಕಬಹುದಿತ್ತು, ಹಾಕಲಿಲ್ಲ. ಶೈಲಜಾ, "ತಪ್ಪಾಯ್ತು ಮಹಾನಂದಾ" ಎಂದಷ್ಟೇ ಅಂದಳು. ಯಾರ ದನಿಯೂ ಅಲ್ಲದ, ಅವಳದೇ ದನಿ. ಬಸ್ಸಿನವರು ಅದನ್ನು ಕೇಳಿದ್ದೇ ಕಡಿಮೆ. ಅಂದಿನಿಂದ ಅವಳು ಡ್ರೈವರನ ಹಿಂದಿನ ಒಂಟಿ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರತೊಡಗಿದಳು. ಮಹಾನಂದಾ ಕೊನೆಯ ಸೀಟಿಗೆ ಹೋದಳು. ಒಂದು ವಾರ ಸಿಟ್ಟಿತ್ತು. ಆಮೇಲೆ ಇದ್ದದ್ದು ಸಿಟ್ಟಲ್ಲ, ಬಸ್ಸಿನ ಉದ್ದ. ಎಷ್ಟೋ ಬೆಳಿಗ್ಗೆ ಅವಳು ಚಂದಾಪುರದಲ್ಲಿ ಬಸ್ಸು ಹತ್ತಿ ಆ ಸೀಟಿನ ಹತ್ತಿರ ಒಂದು ಗಳಿಗೆ ನಿಧಾನಿಸುತ್ತಿದ್ದಳು. ಹಿಂದಿನವರು ನೂಕುತ್ತಿದ್ದರು. ಕೊನೆಯ ಸೀಟಿಗೆ ಹೋಗಿಬಿಡುತ್ತಿದ್ದಳು.

*

ನಡುಮನೆಯಲ್ಲಿ ಶೈಲಜಾಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ಕೆನ್ನೆಗೆ ಅರಿಶಿನ, ಕೈತುಂಬ ಹಸಿರು ಬಳೆ, ಹಣೆ ತುಂಬುವ ಕುಂಕುಮ. ಬಾಯಿಗೆ ಅಕ್ಕಿ ಹಾಕುವ ಹೊತ್ತು. ಮನೆಯ ಹಿರಿಯಳು ಹಾಕಿದ ಮೇಲೆ ಉಳಿದವರು ಸಾಲಾಗಿ ಬಂದು ಹಾಕಬೇಕು, ಆಮೇಲೆ ಎತ್ತಬೇಕು. ಸಾಲು ಬಾಗಿಲಾಚೆಗೂ ಬೆಳೆದಿತ್ತು, ಮುಂದೆ ಸರಿಯುತ್ತಿರಲಿಲ್ಲ. ತಲೆಯ ಬಳಿ ಕೂತ ಅತ್ತೆ ವೆಂಕಟಮ್ಮ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಸುಮ್ಮನಿದ್ದಳು. ಕಣ್ಣಿಗೆ ಪೊರೆ ಬಂದು ಎದುರಿನವರು ಬರೀ ನೆರಳಾಗಿ ಕಾಣುವ ಮುದುಕಿ.

"ಅಮ್ಮ, ಹೊತ್ತಾಗ್ತದೆ. ಹಾಕಮ್ಮ," ಎಂದ ಶಿವಶಂಕರ್.

"ಇರಪ್ಪ. ಬಸ್ಸಿನೋರು ಬಂದವ್ರೆ ಅಂದ್ರಲ್ಲ. ಎಲ್ಲವ್ರೆ?"

ಮಹಾನಂದಾ ತಟ್ಟನೆ ತಲೆಯೆತ್ತಿದಳು. ತಿಪ್ಪಕ್ಕ ಮಾತಾಡಿದ್ದಳು. ಅದೇ ಒಡಕು, ಅದೇ ಎಳೆತ. ವನಜಾ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಮುದುಕಿಯ ಎದುರು ಕುಕ್ಕುರುಗಾಲಲ್ಲಿ ಕೂತರು.

"ಇಲ್ಲೇ ಅದೀವ್ರಿ, ಅಮ್ಮಾರ."

"ಬಡಗ್ಲು ಸೀಮೆ ಮಾತು. ನೀನೇನಾ ಮಾನಂದ? ಪ್ರಶ್ನೆ ಕೇಳೋಳು?"

"ಹೌದ್ರಿ."

"ಸುಕ್ರವಾರ ಅತ್ಬುಟ್ಯಂತೆ? ಅರಿಗೋಲು ತೂತು ಬಿದ್ದಾಗ. ಕರ್ಚೀಪು ಕಚ್ಕೊಂಡು ಅತ್ಲು ಅತ್ತೆ, ಬಸ್ಸೇ ಸುಮ್ಕಾಗೋಯ್ತು ಅಂದ್ಲು."

ಶುಕ್ರವಾರ ಮಹಾನಂದಾ ಕೊನೆಯ ಸೀಟಿನಲ್ಲಿ ಕೂತು ಮೇಲ್ಸೇತುವೆಯ ಕಂಬಗಳನ್ನು ನೋಡುತ್ತಿದ್ದಳು.

ಮುದುಕಿ ಹೇಳುತ್ತಲೇ ಹೋದಳು. ಬಸ್ಸಿನಲ್ಲಿ ಬೆಳಿಗ್ಗೆ ಹೇಳಿದ್ದನ್ನೇ ಸೊಸೆ ಸಂಜೆ ಸೊಪ್ಪು ಬಿಡಿಸುತ್ತ ತನಗೆ ಹೇಳುತ್ತಿದ್ದಳಂತೆ, ಒಂದು ದಿನವೂ ತಪ್ಪಿಸಿದವಳಲ್ಲವಂತೆ. ಕತೆಯ ಜೊತೆಗೆ ಬಸ್ಸಿನದ್ದೂ ಬರುತ್ತಿತ್ತು. ವನಜಾ ರೇಗಿದ್ದು, ಮಾನಂದ ಕೇಳಿದ್ದು. ಸಂಕ್ರಾಂತಿಯಲ್ಲಿ ಮಾನಂದ ಎಳ್ಳು ಹೋಳಿಗೆ ತಂದು ತಿಪ್ಪಕ್ಕನ ಪಾಲು ಎಂದು ಒಂದು ಹೆಚ್ಚಿಗೆ ಕೊಟ್ಟಿದ್ದು. ಮೊನ್ನೆ ಯುಗಾದಿಯ ಮಾರನೆಯ ದಿನ ಮಾನಂದ ಜಗಳವಾಡಿ, ಕಾಳಣ್ಣನ ಮಗುವಿಗೆ ಹೆಸರಿಡಿಸಿಯೇ ಬಸ್ಸು ಇಳಿದಿದ್ದು. ದಸರಾದಿಂದೀಚೆಗೆ ಬಸ್ಸಿನಲ್ಲಿ ಕತೆಯೇ ಇರಲಿಲ್ಲ, ಇವಾವುವೂ ನಡೆದಿರಲಿಲ್ಲ.

"ನಿನ್ನೆ ಬೆಳಿಗ್ಗೆ ಬಸ್ಸಾಗೆ ಏನೇಳಿದ್ಲು?" ಎಂದಳು ವೆಂಕಟಮ್ಮ. "ಸಂಜೆ ಕಾಪಿ ಸೋಸ್ತಾ, ತಡೀರಿ ಅತ್ತೆ, ಇವತ್ತಿಂದು ಸಂದಾಕೈತೆ ಅಂದ್ಲು. ಅಂಗೇ ಬಿದ್ಲು. ಆ ಮಾತು ಇನ್ನೂ ಅವ್ಳ ಬಾಯಾಗೇ ಐತೆ. ಅದ್ರ ಮ್ಯಾಲೆ ಅಕ್ಕಿ ಎಂಗವ್ವ ಆಕ್ಲಿ?"

ಶಿವಶಂಕರ್ ಗೋಡೆಗೆ ಒರಗಿದ. ವನಜಾ ಮಹಾನಂದಾಳ ತೋಳು ಬಿಟ್ಟಳು.

ಮಹಾನಂದಾ ಮುದುಕಿಯ ಹತ್ತಿರಕ್ಕೆ ಸರಿದಳು. "ನಿನ್ನೆ... ತಿಪ್ಪಕ್ಕ ಏನ್ ಮಾಡಿದ್ಲಂದ್ರ, ಸೀರಿ ಸೆರಗ ಹರದು ಆ ತೂತಿಗೆ ತುರುಕಿದ್ಲ್ರಿ."

"ಸೆರಗು ಎಲ್ಲಿಂದ ಬಂತು? ತಿಪ್ಪಕ್ಕ ಸೀರೆ ಉಡಾಕಿಲ್ಲ. ತೊಗಲಂಗಿ ಆಕೋತಾಳೆ."

ಮಹಾನಂದಾ ವನಜಾಳ ಕಡೆ ತಿರುಗಿದಳು. ಬಾಗಿಲ ಬಳಿ ನಿಂತಿದ್ದ ವಸಂತ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ.

"ಸೆರಗಲ್ಲ ಅಜ್ಜಿ," ಎಂದ. "ಕಾಳಣ್ಣನ ಮಗೂಗೆ ಸುತ್ತಿದ್ದ ಬಟ್ಟೆ. ಇವ್ರಿಗೆ ಮರ್ತೋಗಿದೆ."

"ನೀನೂ ಬಸ್ಸಾಗೆ ಬತ್ತೀಯಾ?"

"ಬರ್ತೀನಿ. ಹಿಂದಿನ ಸೀಟು."

"ಮಗೀಗೆ ಚಳಿ ಆಗ್ಲಿಲ್ವ?"

"ತೊಗಲಂಗಿ ಬಿಚ್ಚಿ ಅದರಾಗ ಸುತ್ತಿದ್ಲ್ರಿ," ಎಂದಳು ಮಹಾನಂದಾ. ಈಗ ಮಾತು ತಾನಾಗಿ ಬರುತ್ತಿತ್ತು. "ತಾನು ಬರೀ ಮೈಯಾಗ ನಿಂತು ಹುಟ್ಟು ಹಾಕಿದ್ಲು. ದಂಡಿ ಮ್ಯಾಲೆ ವರದರಾಜನ ಮಂದಿ ಬಾಣ ಹೂಡಿ ನಿಂತಿದ್ರು. ಮುದುಕಿ ಅವರಿಗೂ ಬೈದ್ಲು. ನಾಳಿ ನೀವೂ ದಾಟಬೇಕಲ್ರೋ, ಯಾರ್ ದಾಟಸ್ತಾರ ಅಂದ್ಲು. ಬಿಲ್ಲು ಕೆಳಗ ಇಳಿಸಿದ್ರು."

"ಬಾಣ ಬಿಡ್ಲಿಲ್ವ?"

"ಇಲ್ರಿ."

"ದಡ ಮುಟ್ಟುದ್ರಾ?"

"ಮುಟ್ಟಿದ್ರು."

ವೆಂಕಟಮ್ಮ ತಲೆಯಾಡಿಸಿದಳು. ಎಡಗೈಯಿಂದ ಸೊಸೆಯ ಗಲ್ಲ, ತುಟಿ ತಡವಿ ಹುಡುಕಿ, ಬಲಮುಷ್ಟಿಯನ್ನು ಅಲ್ಲಿಗೆ ತಂದು ನಿಧಾನವಾಗಿ ಬಿಚ್ಚಿದಳು. ಸಾಲಿನಲ್ಲಿ ಯಾರೋ ಬಿಕ್ಕಿದರು. ಹೊರಗೆ ಗಂಡಸರು ಎದ್ದು ನಿಲ್ಲುವ, ಕುರ್ಚಿ ಸರಿಯುವ ಸದ್ದಾಯಿತು.

"ಆಮ್ಯಾಕೆ ನೀನೇನು ಕೇಳ್ದೆ?" ಎಂದಳು ಮುದುಕಿ, ಕೈಯನ್ನು ಸೊಸೆಯ ಕೆನ್ನೆಯ ಮೇಲೆಯೇ ಇಟ್ಟುಕೊಂಡು. "ದಿನಾ ಏನಾರ ಕೇಳ್ತೀಯಲ್ಲ."

ಮಹಾನಂದಾ ಶೈಲಜಾಳ ಹಸಿರು ಬಳೆಗಳ ಮೇಲೆ ಬೆರಳಿಟ್ಟಳು.

"ನಿಮ್ಮ ಬಾಜೂಕ ಬಂದು ಕುಂಡ್ರಲೇನು ಅಕ್ಕಾ, ಅಂತ ಕೇಳಿದ್ನಿ."

"ಅದುಕ್ಕೆ ಅವ್ಳೇನಂದ್ಲು?"

ವನಜಾ, ವಸಂತ್, ಶಿವಶಂಕರ್, ಕೈಯಲ್ಲಿ ಅಕ್ಕಿ ಹಿಡಿದ ಇಡೀ ಸಾಲು ಮಹಾನಂದಾಳನ್ನು ನೋಡಿತು. ಮಹಾನಂದಾ ಶೈಲಜಾಳ ಮುಖಕ್ಕೆ ಬಗ್ಗಿ, ಬಿಳಿ ಕಾಳುಗಳು ತುಂಬಿದ ಆ ತುಟಿಗಳ ಹತ್ತಿರ ಕಿವಿ ತಂದು ಹಾಗೆಯೇ ಇದ್ದಳು.