ಕಸಬರಿಗೆ ಕಡ್ಡಿ

ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಮೂಕಣ್ಣ ತನ್ನ ಮನೆ ಬಾಗಿಲಿಗೆ ತಾನೇ ಅಡ್ಡ ನಿಂತಿದ್ದ, ಎರಡೂ ಕೈ ಚಾಚಿ, ಕೆಂಡ ಕಾರುತ್ತ. ಎದುರಿಗೆ ಅಕ್ಕಸಾಲಿ ಮೋನಪ್ಪಜ್ಜ, ಕೈಯಲ್ಲಿ ಸೂಜಿ, ಬಂಗಾರದ ಎಳೆ. ಕಟ್ಟೆಯ ಮೇಲೆ ಗರಡಿಯ ಗೆಳೆಯರು ಸಾಲಾಗಿ ಕೂತು ಎಲೆಅಡಿಕೆ ಮೆಲ್ಲುತ್ತಿದ್ದರು. ಆ ವಾರ ಕಂಪ್ಲಿಯಲ್ಲಿ ಅವರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಸಿಕ್ಕಿರಲಿಲ್ಲ.

“ನನ್ನ ಮಗನ ಮೂಗಿಗೆ ಸೂಜಿ ತಾಗಿದ್ರ ಕೈ ಮುರಿತೀನಿ ನೋಡಜ್ಜ.”

“ನನ್ನ ಮ್ಯಾಲ್ಯಾಕೋ ಸಿಟ್ಟು? ಕರೆಸಿದಾಕಿ ನಿಮ್ಮವ್ವ,” ಅಂದ ಮುದುಕ.

ಮೂಕಣ್ಣನ ತಾಯಿ ತಾಯಕ್ಕ ಕೂಸನ್ನು ಅವಚಿಕೊಂಡು ಒಳಗಿಂದಲೇ ಕೂಗಿದಳು: “ನಿನ್ನ ಮೂರು ಕೂಸು ಮಣ್ಣಿಗಿಟ್ಟೀವಿ. ಇದನ್ನೂ ಇಡಬೇಕೇನ್ಲೇ? ಮೂಗು ಚುಚ್ಚಿಸಿದ್ದಕ್ಕಽ ನೀ ಉಳಿದಿ!”

ಅದು ಊರಿಗೆಲ್ಲ ಗೊತ್ತಿದ್ದ ಮಾತು. ಹುಟ್ಟಿದ ಗಂಡುಗಳೆಲ್ಲ ಸಾಯುವ ಮನೆಯಲ್ಲಿ ಮತ್ತೊಂದು ಗಂಡು ಹುಟ್ಟಿದರೆ ಅದರ ಮೂಗು ಚುಚ್ಚಿ, ಲಂಗ ತೊಡಿಸಿ, ಹೆಣ್ಣೆಂದು ಕರೆದು ಸಾವಿನ ಕಣ್ಣಿಗೆ ಮಣ್ಣೆರಚುತ್ತಿದ್ದರು. ಹಾಗೆ ಏಳು ವರ್ಷ ಮೂಕಣ್ಣ ಮೂಕವ್ವನಾಗಿದ್ದ. ಜಡೆ ಹಾಕಿಸಿಕೊಂಡು, ಓಣಿಯ ಹುಡುಗಿಯರ ಜೊತೆ ಗಜ್ಜುಗ ಆಡುತ್ತ, ಅವರ ಹಾಡುಗಳನ್ನೇ ಹಾಡುತ್ತ ಬೆಳೆದ. ಆ ಏಳು ವರ್ಷ ಅವನ ಮೈಮೇಲೆ ಯಾರೂ ಕೈ ಮಾಡಿರಲಿಲ್ಲ.

ಏಳು ತುಂಬಿದಾಗ ಹಂಪಿಗೆ ಕರೆದೊಯ್ದು ಜಡೆ ತೆಗೆಸಿ, ಧೋತರ ಉಡಿಸಿದರು. ಮರುದಿನವೇ ಓಣಿಯ ಪುಂಡ ಹುಡುಗ ಹನುಮಣ್ಣನ ಪಟಾಲಂ ಕಾಲುವೆ ದಂಡೆಯಲ್ಲಿ ಆ ಧೋತರ ಕಿತ್ತು, ಒಳಗೇನಿದೆಯೆಂದು ನೋಡಿ, “ನಾ ಗಂಡಸು” ಅಂತ ನೂರು ಸಲ ಹೇಳುವ ತನಕ ಅವನ ತಲೆಯನ್ನು ನೀರಿಗೆ ಅದ್ದಿತು. ಹೇಳಿದ. ಹೇಳುತ್ತಲೇ ಬೆಳೆದ. ಹಾಡು ಬಿಟ್ಟ, ನಗುವಾಗ ಬಾಯಿಗೆ ಕೈ ಅಡ್ಡ ಇಡುವುದನ್ನು ಬಿಟ್ಟ, ಎದೆ ಉಬ್ಬಿಸಿ ಕಾಲು ಅಗಲಿಸಿ ನಡೆಯುವುದನ್ನು ಕಲಿತ. ಗರಡಿ ಸೇರಿ ಅದೇ ಹನುಮಣ್ಣನ ಜೀವದ ಗೆಳೆಯನಾದ. ಆಮೇಲೆ ಮೆತ್ತಗಿನ ಯಾವ ಹುಡುಗ ಕಾಲುವೆಗೆ ಬಂದರೂ ಅವನ ಕತ್ತಿನ ಮೇಲೆ ಮೊದಲು ಬೀಳುತ್ತಿದ್ದದ್ದು ಮೂಕಣ್ಣನ ಕೈ. ಮದ್ರಾಸ್ ಸರ್ಕಾರದ ಕಲೆಕ್ಟರು ಹೊಸಪೇಟೆಗೆ ಬಂದಿದ್ದಾಗ ಅವರೆದುರು ಸಂಡೂರಿನ ಪೈಲ್ವಾನನನ್ನು ಚಿತ್ ಮಾಡಿ ಬೆಳ್ಳಿ ಕಡಗ ಗೆದ್ದವನೂ ಇವನೇ.

ಇಂಥವನ ಮಗ ಲಂಗ ತೊಡುವುದೇ? ಕಾಲುವೆ ಇನ್ನೂ ಅಲ್ಲೇ ಇತ್ತು, ಪುಂಡರಿಗೂ ಬರವಿರಲಿಲ್ಲ. ಮಗ ಸಾಯುವ ಭಯ ಮೂಕಣ್ಣನಿಗೂ ಇತ್ತು. ಆದರೆ ಮಗ ತನ್ನ ಹಾಗೆ ಬದುಕಬೇಕಾದೀತೆಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಮೋನಪ್ಪಜ್ಜ ಕನ್ನಡಕ ಏರಿಸಿ ಅವನ ಮೂಗನ್ನೇ ದಿಟ್ಟಿಸಿದ.

“ಅಲ್ಲಲೇ, ನಿನ್ನ ನತ್ತು ನಾನಽ ತೆಗದು ಇಪ್ಪತ್ತು ವರ್ಷಾತು. ಇಷ್ಟೊತ್ತಿಗೆ ಮುಚ್ಚಿ ಹೋಗಬೇಕಿತ್ತು. ಇದು ದಿನಾ ಕಡ್ಡಿ ಹಾಕೋ ತೂತು.”

ಮುದುಕ ಕೇಡು ಬಯಸಿ ಹೇಳಿದ್ದಲ್ಲ, ಕಸುಬಿನ ಕಣ್ಣು ಹೇಳಿಸಿತು. ಕಟ್ಟೆಯ ಮೇಲೆ ಎಲೆ ಮೆಲ್ಲುವುದು ನಿಂತಿತು. ಮೂಕಣ್ಣನ ಕೈ ತಾನಾಗಿ ಮೂಗಿಗೆ ಹೋಯಿತು. ದಿನಾ ಬೆಳಿಗ್ಗೆ ಹಿತ್ತಲಲ್ಲಿ ಒಬ್ಬನೇ ನಿಂತು ಕಸಬರಿಗೆಯ ಕಡ್ಡಿ ಮುರಿದು ಆ ತೂತಿನಲ್ಲಿ ತೂರಿಸಿ ತೆಗೆಯುತ್ತಿದ್ದ. ಯಾಕೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಅದು ಮುಚ್ಚಿದರೆ ಗಜ್ಜುಗ ಆಡುತ್ತಿದ್ದ ಆ ಮಗು ಸತ್ತೇ ಹೋಗುತ್ತದೆ ಅನ್ನಿಸುತ್ತಿತ್ತು, ಅಷ್ಟೆ.

“ಏನ್ಲೇ ಮೂಕವ್ವ, ಹೌದೇನು?” ಕಟ್ಟೆಯ ಮೇಲಿಂದ ಹನುಮಣ್ಣ ಮೆಲ್ಲಗೆ ಕೇಳಿದ.

ಇಪ್ಪತ್ತು ವರ್ಷದ ಮೇಲೆ ಆ ಹೆಸರು. ಮೂಕಣ್ಣನ ಬಾಯಿಗೆ ಕಾಲುವೆ ನೀರು ನುಗ್ಗಿದ ಹಾಗಾಯಿತು. ತಿರುಗಿ, ಒಳಗೆ ಕೈ ಹಾಕಿ, ಹೆಂಡತಿ ಗಾಳೆಮ್ಮನನ್ನು ಹೊಸ್ತಿಲಿಗೆ ಎಳೆದು ಕಪಾಳಕ್ಕೆ ಬಾರಿಸಿದ.

“ಈಕಿ! ಈಕೀನಽ ಹಾಕ್ತಾಳ, ನಾ ಮಲಗಿದಾಗ! ಹೆಂಗಸರ ಬುದ್ಧಿ!”

ಬಾಣಂತಿ. ಕೆನ್ನೆಯ ಮೇಲೆ ಐದೂ ಬೆರಳು ಮೂಡಿದವು. ಹಿತ್ತಲಲ್ಲಿ ಮುರಿದು ಬಿದ್ದ ಕಡ್ಡಿಗಳನ್ನು ವರ್ಷಗಟ್ಟಲೆ ಗುಡಿಸಿ, ಅತ್ತೆಗೂ ಬಾಯಿ ಬಿಡದವಳು ಅವಳು. ಅಳಲಿಲ್ಲ. ಗಂಡನ ಕಡೆ ನೋಡದೆ ಅಕ್ಕಸಾಲಿಗೆ ಹೇಳಿದಳು:

“ಕೇಳಿದ್ರಲ್ಲ ಅಜ್ಜ? ಈ ಮನ್ಯಾಗ ಮೂಗಿನ ಕೆಲಸ ಎಲ್ಲಾ ನಂದಽ ಅಂತ. ಒಳಗ ಬರ್ರಿ.”

ಈಗ ತಡೆದರೆ ಅವಳು ಹಿತ್ತಲಿನ ಕಡ್ಡಿಯ ಮಾತೂ ಆಡುತ್ತಾಳೆ. ಮೂಕಣ್ಣ ಕೈ ಇಳಿಸಿ ಬಾಗಿಲು ಬಿಟ್ಟ. ಗೆಳೆಯರು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು.

“ಗಂಡಸಂದ್ರ ಹಿಂಗಿರಬೇಕು,” ಹನುಮಣ್ಣ ಅವನ ಬೆನ್ನು ಚಪ್ಪರಿಸಿ ಎಲೆ ಮಡಿಚಿ ಕೊಟ್ಟ.

ಒಳಗೆ ಕೂಸು ಚಿಟ್ಟನೆ ಚೀರಿತು.

“ಕೇಳ್ರಲೇ, ಸಣ್ಣ ಮೂಕವ್ವ ಅಳಾಕತ್ತಾಳ!” ಅಂದ ಹನುಮಣ್ಣ. ಎಲ್ಲರೂ ಮೂಕಣ್ಣನ ಮುಖ ನೋಡಿದರು.

ಎಲ್ಲರಿಗಿಂತ ಮೊದಲು ನಕ್ಕವನು ಮೂಕಣ್ಣನೇ.