ಕೊಟ್ಟಿಗೆ ಸೂರಿನ ತಂತಿ

ಪಾಪಮ್ಮನಿಗೆ ತನ್ನದು ಅಂತ ಒಂದು ಕೋಳಿಯೂ ಇರಲಿಲ್ಲ. ಗಂಡ ಸತ್ತು ಆರು ವರ್ಷವಾಗಿತ್ತು. ಯಗಟಿಯಲ್ಲಿ ಭಾವ ರಂಗಪ್ಪನ ಮನೆಯ ಅಡುಗೆ ನೋಡಿಕೊಂಡಿದ್ದಳು. ತಲೆಗೆ ಎಣ್ಣೆ ಬೇಕಾದರೂ ವಾರಗಿತ್ತಿಯ ಮುಂದೆ ಕೈಯೊಡ್ಡಬೇಕಿತ್ತು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಕಡೂರಿನಲ್ಲಿ ಹತ್ತು ದಿನ ಕೋಳಿ ಸಾಕಣೆಯ ತರಬೇತಿ ನಡೆಯಿತು. ಪಾಪಮ್ಮ ದಿನಾ ಬಸ್ಸಿನಲ್ಲಿ ಹೋಗಿ ಕಲಿತು ಬಂದಳು. ಕಿವಿಯೋಲೆ ಮಾರಿ, ಬೆಂಗಳೂರಿನ ಒಂದು ಹ್ಯಾಚರಿಗೆ ಮುನ್ನೂರು ಮರಿಗೆ ದುಡ್ಡು ಕಟ್ಟಿದಳು. ಹಿತ್ತಿಲ ಗುಡಿಸಲನ್ನು ಸಾರಿಸಿ, ಭತ್ತದ ಹೊಟ್ಟು ಹಾಸಿ, ಕಾವಿಗೆ ಎರಡು ಲಾಟೀನು ತೂಗುಹಾಕಿದಳು.

ಹ್ಯಾಚರಿಯವರು ಒಂದು ಮಾತು ಒತ್ತಿ ಹೇಳಿದ್ದರು. ಮೊಟ್ಟೆಯೊಡೆದ ದಿನವೇ ಮರಿಗಳನ್ನು ರೈಲಿಗೆ ಹಾಕುತ್ತೇವೆ. ಯಾವ ರೈಲು, ಎಷ್ಟು ಪೆಟ್ಟಿಗೆ ಅಂತ ಮುಂಚೆಯೇ ತಂತಿ ಕೊಡುತ್ತೇವೆ. ರೈಲು ಬರುವ ಹೊತ್ತಿಗೆ ಸ್ಟೇಷನ್ನಿನಲ್ಲಿರಬೇಕು. ಕಾಳು ನೀರಿಲ್ಲದೆ ಎರಡು ದಿನ ತಡೆದಾವು, ಅದಕ್ಕಿಂತ ಹೆಚ್ಚಿಲ್ಲ.

"ಭಾವ, ನನ್ನ ಹೆಸ್ರಿಗೆ ಒಂದು ತಂತಿ ಬತ್ತದೆ" ಎಂದಳು.

"ಕೋಳಿಮರಿ ಬತ್ತವೆ ಅಂತ ಯಾರಾನ ತಂತಿ ಕೊಡ್ತಾರೇನವ್ವ? ಇನ್ಮೇಲೆ ಕುರಿ ಈದ್ರೂ ಕೊಡ್ತಾರೆ ಬಿಡು" ಎಂದ ರಂಗಪ್ಪ. ಜಗಲಿಯಲ್ಲಿದ್ದವರೆಲ್ಲ ನಕ್ಕರು.

ಆ ಬೀದಿಗೆ ಅದುವರೆಗೆ ಬಂದ ತಂತಿಗಳೆಲ್ಲ ಸಾವಿನವು. ಅದಕ್ಕೊಂದು ರೂಢಿಯೇ ಬೆಳೆದಿತ್ತು. ಸಾವಿನ ಸುದ್ದಿ ಹೊಸ್ತಿಲು ದಾಟಿದರೆ ಒಲೆ ಆರಿಸಬೇಕು. ಹಾಗಾಗಿ ಹಿರಿಯರು ತಂತಿಯನ್ನು ಹೊರಗೇ ಎಲ್ಲಾದರೂ ಸಿಕ್ಕಿಸಿಟ್ಟು, ಮನೆಯವರೆಲ್ಲ ಉಂಡ ಮೇಲೆ ಓದಿಸುತ್ತಿದ್ದರು.

ಮಂಗಳವಾರ ಸಂಜೆ ಅಂಚೆಯ ಸಣ್ಣಬೀರಪ್ಪ ಪಾಪಮ್ಮನ ತಂತಿಯನ್ನು ತಂದು ರಂಗಪ್ಪನ ಕೈಗಿಟ್ಟ. ಇಬ್ಬರಿಗೂ ಇಂಗ್ಲಿಷ್ ಬಾರದು. ತರೀಕೆರೆಯಲ್ಲಿ ಪಾಪಮ್ಮನ ಅಣ್ಣ ಒಂದು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಇಬ್ಬರೂ ಅವನೇ ಹೋದನೆಂದು ತಿಳಿದರು. ಮರುದಿನ ರಂಗಪ್ಪನ ಮಗಳ ನಿಶ್ಚಿತಾರ್ಥ. ಸಖರಾಯಪಟ್ಟಣದಿಂದ ಗಂಡಿನ ಕಡೆಯವರು ನಲವತ್ತು ಜನ ಬರುವವರಿದ್ದರು, ಅಡುಗೆ ಪಾಪಮ್ಮನದು. ರಂಗಪ್ಪ ತಂತಿಯನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ. ಉಂಡು ಮಲಗಲಿ ಪಾಪ, ನೆಂಟರು ಹೋದ ಮೇಲೆ ಓದಿಸಿದರಾಯಿತು, ಎಂದುಕೊಂಡ. ಆ ನಲವತ್ತು ಎಲೆಗಳೂ ಅವನ ತಲೆಯಲ್ಲಿದ್ದವು.

ಬುಧವಾರ ಹೋಳಿಗೆಯ ಹೂರಣ ರುಬ್ಬುತ್ತಿದ್ದವಳು ಬೀದಿಯಲ್ಲಿ ಸಣ್ಣಬೀರಪ್ಪನನ್ನು ಕಂಡು ಎದ್ದುಬಂದಳು. "ತಂತಿ ಬಂತೇನಣ್ಣ?"

ಅವನು ನೆಲ ನೋಡಿದ. "ಇಲ್ಲ ಕಣವ್ವ. ನೀನು ಉಂಡ್ಯಾ?"

"ನಾನು ಉಣ್ಣೋದು ಕಟ್ಕೊಂಡು ನಿಂಗೇನು?"

"ಮೊದ್ಲು ಉಣ್ಣು" ಎಂದು ಸೈಕಲ್ ಹತ್ತಿದ.

ನೆಂಟರು ಗುರುವಾರ ಸಂಜೆಯ ಬಸ್ಸಿಗೆ ಹೊರಟರು. ರಂಗಪ್ಪ ಪಾಪಮ್ಮನನ್ನು ಜಗಲಿಯಲ್ಲಿ ಕೂರಿಸಿ, ತಾನೇ ನಿಂತು ಊಟ ಮಾಡಿಸಿದ. ಅಕ್ಕಪಕ್ಕದ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡು ಬಂದು ಕೂತರು. ಮೇಷ್ಟ್ರು ನಂಜುಂಡಪ್ಪ ತಂತಿ ಒಡೆದು ಓದಿದರು.

"ಮುನ್ನೂರು ಮರಿ, ಮೂರು ಪೆಟ್ಟಿಗೆ. ಬುಧವಾರ ಬೆಳಗಿನ ರೈಲಿಗೆ ಕಡೂರಲ್ಲಿ ಇಳಿಸ್ಕೋಬೇಕಂತೆ."

ಒಬ್ಬಾಕೆ ಆಗಲೇ ಅಳಲು ಶುರುಮಾಡಿದ್ದಳು. ಅವಳನ್ನು ಸುಮ್ಮನಾಗಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ನಿಮ್ಮಣ್ಣ ಬದುಕವ್ನಲ್ಲವ್ವ, ಅಷ್ಟು ಸಾಕು" ಎಂದ ರಂಗಪ್ಪ.

"ತಂತಿ ಬತ್ತದೆ ಅಂತ ನಾನು ಹೇಳಿರ್ಲಿಲ್ವಾ, ಭಾವ?"

"ಹೇಳಿದ್ದೆ. ನಿನ್ನ ಒಳ್ಳೇದಕ್ಕೇ ಇಟ್ಟಿದ್ದೆ ಕಣವ್ವ."

"ನಿಮಗೆ ಬೇಯ್ಸೋಳು ಬೇಕಿತ್ತು."

ಕಡೂರಿನ ಕೊನೆಯ ಬಸ್ಸು ನೆಂಟರನ್ನು ತುಂಬಿಕೊಂಡು ಹೋಗಿಯಾಗಿತ್ತು.

ಶುಕ್ರವಾರ ಮೊದಲ ಬಸ್ಸಿಗೆ ಹೋದಳು. ಪಾರ್ಸಲ್ ಗುಮಾಸ್ತ ಪೆಟ್ಟಿಗೆಗಳನ್ನು ನೆರಳಿನಲ್ಲಿಟ್ಟಿದ್ದ, ತೂತುಗಳಿಂದ ನೀರೂ ಚಿಮುಕಿಸಿದ್ದ.

"ಒಂದೂವರೆ ದಿನ ಕೂಗಿದ್ವು ಕಣಮ್ಮ. ನಿನ್ನೆ ಸಾಯಂಕಾಲದಿಂದ ಸದ್ದು ಕಮ್ಮಿ ಆಯ್ತು. ಯಾಕೆ, ತಂತಿ ಬರ್ಲಿಲ್ವಾ?"

"ಬಂದಿತ್ತು."

ಅವನು ರಿಜಿಸ್ಟರು ತೆರೆದ. ಸತ್ತವೆಷ್ಟು ಎಂದು ಬರೆಯದೆ ಪೆಟ್ಟಿಗೆ ಬಿಡುವ ಹಾಗಿರಲಿಲ್ಲ. ಪಾಪಮ್ಮ ಪ್ಲಾಟ್‌ಫಾರ್ಮಿನ ಮೇಲೆ ಕೂತು ದಾರ ಬಿಚ್ಚಿದಳು. ಒಂದೊಂದನ್ನೇ ಎತ್ತಿ, ಅಲುಗಿಸಿ ನೋಡಿ, ಹತ್ತತ್ತರ ಸಾಲಿನಲ್ಲಿ ಇಟ್ಟಳು.

ಸತ್ತವು ಇನ್ನೂರ ತೊಂಬತ್ತೊಂದು.