ಫೂಲ್‌ಮತಿಯ ಬಾಣಂತನ

ಮೂರು ಜನ ಅಂತ ಹೇಳಿ ಎಂಟು ಜನ ಬಂದರು. ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಗೆ ಸಿಮೆಂಟು ಹಾಕಿಸಿ, ಶೀಟು ಹೊದಿಸಿ ನಮ್ಮ ಯಜಮಾನರು ಬಾಡಿಗೆಗೆ ಕೊಟ್ಟಿದ್ದರು. ನಿಡಘಟ್ಟದ ರಸ್ತೆ ಪಕ್ಕದಲ್ಲಿ ದೊಡ್ಡ ಅಪಾರ್ಟ್‌ಮೆಂಟು ಏಳುತ್ತಿತ್ತು. ಕೊಳ್ಳುವವರು ಬೆಂಗಳೂರಿನವರು, ಕಟ್ಟುವವರು ಬಿಹಾರದವರು, ಬಾಯಿ ಬಿಟ್ಟುಕೊಂಡು ನೋಡುವವರು ನಾವು. ಏಳು ಗಂಡಸರ ಹಿಂದೆ ಲಾರಿಯಿಂದ ಇಳಿದ ಎಂಟನೆಯವಳು ಫೂಲ್‌ಮತಿ, ತುಂಬು ಬಸುರಿ.

"ಇಂಥ ಒಟ್ಟೆ ಒತ್ಕೊಂಡಿರೋಳ್ನ ಯಾಕ್ಲಾ ಕರ್ಕೊಂಬಂದೆ?" ಅಂದೆ ಅವಳ ಗಂಡ ಬಿರಜುವಿಗೆ. ಅವನು ನಕ್ಕ. ಕನ್ನಡ ಬಾರದವರಿಗೆ ಬೈದರೆ ಇದೇ ಕಷ್ಟ, ಬೈದವರಿಗೆ ಸಮಾಧಾನವೇ ಆಗುವುದಿಲ್ಲ.

ಮದ್ದೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಮೂರನೇ ದಿನ ಮನೆಗೆ ಬಂದಳು. ಸಂಜೆ ಹೋಗಿ ನೋಡುತ್ತೇನೆ, ಒಲೆಯ ಮುಂದೆ ಕೂತು ಎಂಟು ಜನಕ್ಕೂ ಚಪಾತಿ ಒತ್ತುತ್ತಿದ್ದಾಳೆ, ಮಗು ಸಿಮೆಂಟಿನ ಖಾಲಿ ಚೀಲದ ಮೇಲೆ. ನನಗೆ ಮೈಯೆಲ್ಲ ಉರಿದುಹೋಯಿತು. ಲಟ್ಟಣಿಗೆ ಕಿತ್ತು ಬಿರಜುವಿನ ಕೈಗೆ ಕೊಟ್ಟೆ. ತಾಯಿಮಗುವನ್ನು ನಮ್ಮ ಮನೆಯ ನಡುಕೋಣೆಗೆ ಕರೆತಂದು ಮಲಗಿಸಿದೆ. ಮೂರು ತಿಂಗಳು ಬಾಣಂತನ ಮಾಡಿಯೇ ಕಳಿಸುವುದು ಅಂತ ಆಗಲೇ ತೀರ್ಮಾನ ಮಾಡಿಬಿಟ್ಟೆ.

ನಿಜ ಹೇಳಬೇಕೆಂದರೆ ಅದು ಪೂರ್ತಿ ಅವಳಿಗಾಗಿ ಅಲ್ಲ. ನನ್ನ ಮಗಳು ನಯನ ಮಸ್ಕತ್ತಿನಲ್ಲಿ ನರ್ಸು. ಅವಳ ಹೆರಿಗೆಗೆ ಹೋಗಲು ಅರ್ಜಿ ಹಾಕಿದ ನನ್ನ ಪಾಸ್‌ಪೋರ್ಟು ಬರುವಷ್ಟರಲ್ಲಿ ಮಗುವಿಗೆ ಹಲ್ಲು ಬಂದಿತ್ತು. ಪಕ್ಕದ ಮನೆಯ ಯಾರೋ ಮಲಯಾಳಿ ಹೆಂಗಸು ನೀರು ಹಾಕಿದಳಂತೆ. ಆ ಪುಣ್ಯಾತ್ಗಿತ್ತಿಯ ಹೆಸರೂ ನನಗೆ ಗೊತ್ತಿಲ್ಲ. ಹೆತ್ತ ಮಗಳಿಗೆ ಒಂದು ತಂಬಿಗೆ ಬಿಸಿನೀರು ಹುಯ್ಯಲಾಗಲಿಲ್ಲ ಅನ್ನುವ ಸಂಕಟ ಎದೆಯಲ್ಲಿ ಹಾಗೇ ಕೂತಿತ್ತು.

ಮಾರನೆಯ ಬೆಳಗ್ಗೆಯೇ ಹಂಡೆ ಕಾಯಿಸಿದೆ. ಫೂಲ್‌ಮತಿ ಬಚ್ಚಲ ಬಾಗಿಲನ್ನು ಭದ್ರವಾಗಿ ಹಿಡಿದು, ಒಳಗೆ ಬರುವುದಿಲ್ಲ ಅಂತ ನಿಂತಳು. ಎದುರುಮನೆಯ ರಹಮತ್ ಬೀಗೆ ಹಿಂದಿ ಬರುತ್ತದೆ. ಅವಳು ಬಂದು ವಿಚಾರಿಸಿ ನಕ್ಕಳು.

"ಬೋರಕ್ಕ, ಅವ್ರ ಕಡೆ ಆರನೇ ದಿನದವರ್ಗೂ ಬಾಣಂತಿ ನೀರು ಉಯ್ಕಳಲ್ವಂತೆ."

"ಅಲ್ಲಿಗಂಟ ಮೈ ನಾರಕಿಲ್ವಾ?"

"ಈ ಅಮ್ಮ ಸುಡೋ ನೀರು ಉಯ್ದು ನನ್ನ ಸಾಯಿಸ್ತಾಳೆ ಅಂತವ್ಳೆ."

ಕಾಯುವುದು ನನ್ನ ಜಾಯಮಾನವಲ್ಲ. ಆದರೂ ಕಾದೆ. ಆರನೇ ದಿನ ಹರಳೆಣ್ಣೆ ತಿಕ್ಕಿ, ನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದಾಗ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಕೂದಲು ಒಣಗುವವರೆಗೂ ನಾನು ಅಲ್ಲಾಡಲಿಲ್ಲ.

ಹದಿನಾಲ್ಕನೇ ದಿನ ಬಿರಜು ಬಾಗಿಲಲ್ಲಿ ಬಂದು ನಿಂತ. ಇಲ್ಲಿ ತಮ್ಮ ಪಾಲಿನ ಕೆಲಸ ಮುಗಿಯಿತು, ಸೋಮವಾರ ಎಲ್ಲರೂ ಹೊಸೂರಿಗೆ, ಅಲ್ಲಿಂದ ಸೂರತ್ತಿಗೋ ಇನ್ನೆಲ್ಲಿಗೋ ಅಂತ ರಹಮತ್ ಬೀ ತಿಳಿಸಿ ಹೇಳಿದಳು. ನೂರಿಪ್ಪತ್ತು ಮನೆಗೆ ದುಡಿದಿದ್ದರು, ಅದರಲ್ಲಿ ಒಂದು ದಿನ ಮಲಗುವ ಹಾಗಿಲ್ಲ.

"ಅಸಿ ಬಾಣಂತಿನ ಲಾರಿಗತ್ತುಸ್ತೀಯೇನ್ಲಾ? ನೀನು ಓಗು. ಮೂರು ತಿಂಗ್ಳು ತುಂಬ್ಲಿ, ಆಮೇಕೆ ಬಂದು ಕರ್ಕೊಂಡೋಗು," ಅಂದೆ.

ಬಿರಜು ತಲೆ ತಗ್ಗಿಸಿ ಒಪ್ಪಿದ. ಒಪ್ಪದವಳು ಫೂಲ್‌ಮತಿ. ಮಗುವನ್ನು ಎದೆಗೆ ಅವಚಿಕೊಂಡು ಏನೋ ಹೇಳಿದಳು. ರಹಮತ್ ಬೀ ನನ್ನ ಮುಖ ನೋಡದೆ ಅದನ್ನು ಕನ್ನಡಕ್ಕೆ ತಿರುಗಿಸಿದಳು.

"ಬಿರಜುನ ಅಣ್ಣ ಒಬ್ಬ ಇಂಗೇ ಎಂಡ್ತಿನ ಒಂದೂರಲ್ಲಿ ಬುಟ್ಟು ಕೆಲ್ಸುಕ್ಕೆ ಓದೋನು ತಿರುಗಿ ಬರ್ಲೇ ಇಲ್ವಂತೆ. ಆ ಊರು ಈ ಊರು ಅಂತ ತಿರುಗ್ತಾ ಕಳ್ದೇ ಓದ್ನಂತೆ. ಅದ್ಕೇ ಜೊತೇಲೇ ಓಯ್ತೀನಿ ಅಂತವ್ಳೆ."

ನನಗೆ ಸಿಟ್ಟು ಬಂತು. "ಓಗ್ಲಿ ಬುಡು, ನಂಗೇನು," ಅಂದು ಅಡುಗೆಮನೆಗೆ ಹೋದೆ. ಆಮೇಲೆ ಹೊತ್ತುಹೊತ್ತಿಗೆ ಅನ್ನ, ಸಬ್ಬಸಿಗೆ ಸೊಪ್ಪಿನ ಸಾರು ಮುಂದಿಟ್ಟೆನೇ ಹೊರತು ಅವಳ ಮುಖ ನೋಡಲಿಲ್ಲ.

ಸೋಮವಾರ ಬೆಳಗ್ಗೆ ಲಾರಿ ಬಂತು. ಹೊರಗೆ ಬರಲೇಬಾರದು ಅಂತ ಇದ್ದೆ. ಆದರೆ ಬಾಣಂತಿಯನ್ನು ಬರಿಮಡಿಲಲ್ಲಿ ಹೇಗೆ ಕಳಿಸಲಿ? ಮೊರದಲ್ಲಿ ಅಕ್ಕಿ, ಕೊಬ್ಬರಿ, ಅಚ್ಚುಬೆಲ್ಲ, ಅರಿಸಿನದ ಕೊಂಬು ಇಟ್ಟುಕೊಂಡು ಬಂದೆ. ಮಗುವನ್ನು ರಹಮತ್ ಬೀ ಎತ್ತಿಕೊಂಡಳು. ಸೆರಗು ಒಡ್ಡು ಅಂತ ಸನ್ನೆ ಮಾಡುವ ಮೊದಲೇ ಫೂಲ್‌ಮತಿ ಒಡ್ಡಿ ನಿಂತಿದ್ದಳು. ಮಡಿಲಕ್ಕಿ ಹುಯ್ದೆ.

ನಮ್ಮ ಕಡೆ ಹೆಣ್ಣುಮಗಳು ಮಡಿಲಿಗೆ ಬಿದ್ದ ಅಕ್ಕಿಯಲ್ಲಿ ಒಂದಿಷ್ಟನ್ನು ಮನೆಗೇ ಹಿಂದಕ್ಕೆ ಹಾಕಿ ಹೊರಡಬೇಕು, ತವರು ಬರಿದಾಗಬಾರದು ಅಂತ. ಇವಳಿಗೆ ಅದನ್ನು ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ, ಹೆತ್ತ ಮಗಳಲ್ಲವಲ್ಲ. ಅವಳು ಹೊಸ್ತಿಲ ಹತ್ತಿರ ನಿಂತಳು. ಸೆರಗಿನಿಂದ ಒಂದು ಚಿಟಿಕೆ ಅಕ್ಕಿ ತೆಗೆದು ನನ್ನ ಮೊರಕ್ಕೆ ಹಾಕಿದಳು. ಮತ್ತೊಂದು ಚಿಟಿಕೆ ಹಾಕಿದಳು. ಹಾಗೆ ಐದು ಸಲ.

"ಯಾರೇ ಇವಳ್ಗೆ ಏಳ್ಕೊಟ್ಟೋರು?" ಅಂದೆ ರಹಮತ್ ಬೀಗೆ.

ರಹಮತ್ ಬೀ ಕೇಳಿ ಹೇಳಿದಳು. "ಯಾರೂ ಇಲ್ವಂತೆ ಅಕ್ಕ. ಅವ್ರಮ್ಮನ ಮನೆಯಿಂದ ಒರ್ಡೋವಾಗ್ಲೂ ಇಂಗೇ ಮಾಡಿದ್ಲಂತೆ."

ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಲಾರಿಯವನು ಹಾರನ್ನು ಹೊಡೆಯುತ್ತಿದ್ದ, ಹೊಡೆದುಕೊಳ್ಳಲಿ. "ಯಾವೂರಲ್ಲೇ ಇರು, ಎರಡ್ನೇದುಕ್ಕೆ ಇಲ್ಲಿಗೇ ಬಾ ಕಣಮ್ಮ, ನಾನಿವ್ನಿ," ಅಂದೆ. ರಹಮತ್ ಬೀ ಬಾಯಿ ತೆರೆಯುವ ಮೊದಲೇ ಫೂಲ್‌ಮತಿ ತಲೆಯಾಡಿಸಿದಳು.

ಲಾರಿ ಹೋದ ಮೇಲೆ ಮೊರದ ಅಕ್ಕಿಯನ್ನು ನಮ್ಮ ಅಕ್ಕಿ ಡ್ರಮ್ಮಿಗೇ ಬೆರೆಸಿದೆ. ಮಗಳು ಹಾಕಿಹೋದ ಅಕ್ಕಿಯನ್ನು ಯಾರೂ ಬೇರೆ ಇಡುವುದಿಲ್ಲ.